ಸಿಲೋನಿಗೆ ಹೋದ ನಮ್ಮ ಕರಿಕಂಬಳಿ

ಸಮುದ್ರ ದಾಟಿ ಬಂದವರು ಅಂದರೆ ನಮ್ಮ ಕಡೆಯ ಜನ ಕೋಟು ಬೂಟು ಹಾಕಿದ ಗಂಡಸನ್ನು ಹುಡುಕುತ್ತಾರೆ. ನಾನೂ ದಾಟಿ ಬಂದವಳೇ ಅಂದರೆ ನಗುತ್ತಾರೆ. ನಗಲಿ ಬಿಡಿ. ನಾನು ಹಡಗು ಹತ್ತಿದ್ದೂ ನಿಜ, ಹಡಗಿನಲ್ಲಿ ಹೊಟ್ಟೆ ತೊಳಸಿ ಒದ್ದಾಡಿದ್ದೂ ನಿಜ, ಸಿಲೋನಿನ ಮಂಜಿನಲ್ಲಿ ಹಲ್ಲು ಕಟಕಟ ಅಂದದ್ದೂ ನಿಜ. ಓದುವುದಕ್ಕೆ ಹೋಗಿರಲಿಲ್ಲ, ದೇಶ ನೋಡುವುದಕ್ಕೂ ಅಲ್ಲ. ಕಂಬಳಿ ಮಾರುವುದಕ್ಕೆ ಹೋಗಿದ್ದೆ. ಜೊತೆಗೆ ನಮ್ಮ ಮಾವ ಇದ್ದರು. ಯುದ್ಧ ಬಂದು ಹಡಗಿನ ವ್ಯಾಪಾರವೆಲ್ಲ ಅಸ್ತವ್ಯಸ್ತವಾಗುವುದಕ್ಕೆ ಕೆಲವು ವರ್ಷ ಮುಂಚಿನ ಮಾತು ಇದು. ಆ ವ್ಯಾಪಾರವೂ ಈಗಿಲ್ಲ, ಮಾವನೂ ಇಲ್ಲ. ಆದರೆ ಕಾರ್ತಿಕದ ಚಳಿಗಾಳಿ ಬೀಸಿದಾಗಲೆಲ್ಲ ನನಗೆ ಆ ಪ್ರಯಾಣ ನೆನಪಾಗುತ್ತದೆ. ನೆನಪಾದರೆ ಅರ್ಧ ನಗು, ಅರ್ಧ ಅಳು.

ಬಂಗಾರಪೇಟೆ ಸ್ಟೇಷನ್ನು

ನಮ್ಮದು ಕ್ಯಾಸಂಬಳ್ಳಿ ಪಕ್ಕದ ಹಳ್ಳಿ. ಕುರಿ, ಉಣ್ಣೆ, ಮಗ್ಗ, ಇಷ್ಟೇ ನಮ್ಮ ಲೋಕ. ಹೆಂಗಸರು ನೂಲು ತೆಗೆಯುವುದು, ಗಂಡಸರು ಗುಂಡಿಯಲ್ಲಿ ಕಾಲು ಇಳಿಬಿಟ್ಟು ಮಗ್ಗದ ಮುಂದೆ ಕೂತು ನೇಯುವುದು. ಮಾವ ನನಗೆ ಬರೀ ಗಂಡನ ತಂದೆಯಲ್ಲ, ನನ್ನ ತಾಯಿಯ ಒಡಹುಟ್ಟಿದ ತಮ್ಮ. ಚಿಕ್ಕಂದಿನಲ್ಲಿ ಅವರ ತೊಡೆಯ ಮೇಲೆ ಕೂತು ಮೀಸೆ ಎಳೆದವಳು ನಾನು. ಹಾಗಾಗಿ ಬೇರೆ ಸೊಸೆಯರಂತೆ ಬಾಗಿಲ ಹಿಂದೆ ನಿಂತು ಮಾತಾಡುವ ಅಭ್ಯಾಸ ನನಗೆ ಬರಲೇ ಇಲ್ಲ. ಅವರು ಒಂದು ಅಂದರೆ ನಾನು ಎರಡು ಅನ್ನುತ್ತಿದ್ದೆ. ಅವರೂ ಅದನ್ನು ಕಾಯುತ್ತಿದ್ದರು ಅಂತ ಈಗ ಅನಿಸುತ್ತದೆ.

ನೇಯ್ದ ಕಂಬಳಿಯನ್ನು ತಲೆಯ ಮೇಲೆ ಹೊತ್ತು ಊರಿಗಾಂ ಚಿನ್ನದ ಗಣಿಯ ಲೈನುಗಳಿಗೆ, ಅಂದರೆ ಆಳುಗಳ ಸಾಲುಮನೆಗಳಿಗೆ, ಮಾರಲು ಹೋಗುತ್ತಿದ್ದವಳು ನಾನೇ. ಅಲ್ಲಿ ತಮಿಳು ಕಲಿತೆ, ಜಗಳ ಕಲಿತೆ, ಗಿರಾಕಿಯ ಮುಖ ನೋಡಿ ಮನಸ್ಸು ತಿಳಿಯುವುದನ್ನೂ ಕಲಿತೆ. ಗಣಿಯ ಜನ ನಮ್ಮ ಕಂಬಳಿಯನ್ನು ಬಿಟ್ಟರೆ ಬೇರೆ ಹೊದೆಯುತ್ತಿರಲಿಲ್ಲ. ಆಮೇಲೆ ಅಂಗಡಿಗಳಿಗೆ ಬಣ್ಣದ ಪಟ್ಟೆಯ ಮಿಲ್ಲಿನ ರಗ್ಗು ಬಂತು. ಎಲ್ಲಿಂದಲೋ ಹಡಗಿನಲ್ಲಿ ಬರುತ್ತಿತ್ತಂತೆ. ಹಗುರ, ಮೆತ್ತಗೆ, ಅಗ್ಗ. ಒಂದು ಮಳೆಗಾಲಕ್ಕೆ ಹತ್ತಿಯ ಹಾಗೆ ಕಿತ್ತು ಬಂದರೂ ಜನ ಅದನ್ನೇ ಕೊಂಡರು. ನಾನು ಹೊತ್ತುಕೊಂಡು ಹೋದ ಗಂಟನ್ನು ಹಾಗೇ ಹೊತ್ತುಕೊಂಡು ಬರತೊಡಗಿದೆ.

ನಮ್ಮ ಮನೆಯವರು, ಅಂದರೆ ನನ್ನ ಗಂಡ, ಆಗ ಒಂದು ಮಾತು ತೆಗೆದರು. ಹೆಸರು ಹೇಳುವ ಅಭ್ಯಾಸ ನನಗಿಲ್ಲ, ಮನೆಯವರು ಅಂತಲೇ ಬರೆಯುತ್ತೇನೆ. ಮಗ್ಗ ಇಳಿಸಿ ಗಣಿಗೆ ಸೇರುತ್ತೇನೆ ಅಂದರು. ಆ ಮಾತು ಕೇಳಿ ಮಾವ ಉಣ್ಣುತ್ತಿದ್ದ ತಟ್ಟೆ ಬಿಟ್ಟು ಎದ್ದರು. ಮಾವನ ಹಿರಿಯ ಮಗ ಹಾಗೆಯೇ ಮಗ್ಗ ಬಿಟ್ಟು ಗಣಿಗೆ ಇಳಿದಿದ್ದರು. ಒಂದು ದಿನ ಕೆಳಗೆ ಬಂಡೆ ಸಿಡಿದು, ಮೇಲೆ ತರುವಾಗ ಅವರಲ್ಲಿ ಜೀವವಿರಲಿಲ್ಲ. ಉಳಿದವರು ನಮ್ಮ ಮನೆಯವರೊಬ್ಬರೇ. ನನಗೆ ಮದುವೆಯಾಗಿ ಇನ್ನೂ ಎರಡೇ ಸಂಕ್ರಾಂತಿ ಕಳೆದಿದ್ದವು. ಆವತ್ತಿನಿಂದ ನನಗೂ ಅನ್ನ ಸೇರಲಿಲ್ಲ.

ಊರಿಗಾಂ ಲೈನಿನ ಅಂಜಲೈ ನನ್ನ ಗಿರಾಕಿ, ಆಮೇಲೆ ಗೆಳತಿ. ಅವಳ ಅಣ್ಣ ಮುರುಗನ್ ಸಿಲೋನಿನ ಟೀ ತೋಟದಲ್ಲಿ ಕಂಗಾಣಿ, ಅಂದರೆ ಆಳುಗಳ ಮೇಸ್ತ್ರಿ. ಊರಿಗೆ ಬಂದಿದ್ದಾಗ ನನ್ನ ಗಂಟಿನಿಂದ ಒಂದು ಕಂಬಳಿ ಎಳೆದು, ಉಜ್ಜಿ ನೋಡಿ, ತಮ್ಮ ಬೆಟ್ಟದಲ್ಲಿ ವರ್ಷವೆಲ್ಲ ಮಳೆ, ತೋಟದ ಸ್ಟೋರಿಗೆ ಪ್ರತಿ ವರ್ಷ ಕಂಬಳಿ ಬೇಕೇ ಬೇಕು, ತಂದು ತೋರಿಸಿದರೆ ತೆಗೆದುಕೊಂಡಾರು ಅಂದ. ನಾನು ಅದನ್ನು ಮನೆಗೆ ಬಂದು ಹೇಳಿದೆ. ಮಾವ ಊರಿನ ಏಳೂ ಮಗ್ಗದ ಮನೆ ಸುತ್ತಿ, ಆ ಸಲದ ಉಣ್ಣೆಯನ್ನೆಲ್ಲ ಸಿಲೋನಿನ ಕಂಬಳಿಗೆಂದು ನೇಯಿಸಿದರು.

ಬಂಗಾರಪೇಟೆ ಸ್ಟೇಷನ್ನಿಗೆ ಬಿಡಲು ನಮ್ಮ ಮನೆಯವರು ಗಾಡಿ ಹೊಡೆದುಕೊಂಡು ಬಂದರು. ಕುರಿ ಬಿಟ್ಟು ಅವರು ಬರುವ ಹಾಗಿರಲಿಲ್ಲ. ಮಾವನಿಗೆ ತೆಲುಗು ಬರುತ್ತಿತ್ತು, ತಮಿಳು ಬಾರದು. ಅದಕ್ಕೇ ನಾನು ಹೊರಟದ್ದು. ಪ್ಲಾಟ್‌ಫಾರಂ ಮೇಲೆ ಮೂಟೆ ಇಳಿಸಿ ಮಾವ ಮಗನಿಗೆ ಹೇಳಿದರು.

"ಮಾರಿದ್ರೆ ಮಗ್ಗ ಕಣ್ಲಾ. ವಾಪಸ್ ಬಂದ್ರೆ ನಿನ್ನಿಷ್ಟ, ಆಮೇಲೆ ನಾನು ಅಡ್ಡ ಬರಲ್ಲ."

"ನೀವು ಬರೋವರ್ಗೂ ಗಣಿ ಕಡೆ ತಲೆ ಆಕಲ್ಲ, ಓಗ್ಬನ್ನಿ" ಅಂದರು ಅವರು. ಹುರಿಗಡಲೆಯ ಪೊಟ್ಟಣ ನನ್ನ ಕೈಗಿಟ್ಟು ಬೇರೆ ಕಡೆ ನೋಡಿದರು. ರೈಲು ಹೊರಟ ಮೇಲೆ ಅದನ್ನು ಬಿಚ್ಚಿದರೆ ಒಳಗೆ ಬೆಲ್ಲದ ಚೂರೂ ಇತ್ತು.

ಮಂಡಪಂ

ಜೋಲಾರ್‌ಪೇಟೆಯಲ್ಲಿ ರೈಲು ಬದಲಿಸಿದ್ದು, ಮಧುರೆಯಲ್ಲಿ ಮೂಟೆಯ ಮೇಲೆ ಕೂತ ಮುದುಕಿಗೂ ಮಾವನಿಗೂ ಜಗಳವಾದದ್ದು, ಇದನ್ನೆಲ್ಲ ಬರೆಯುತ್ತ ಕೂತರೆ ಮುಗಿಯುವುದಿಲ್ಲ. ಮಂಡಪಂಗೆ ಬರುತ್ತೇನೆ. ಅದು ಸಮುದ್ರದ ದಡದ ಮರಳೂರು. ಸಿಲೋನಿನ ತೋಟಗಳಿಗೆ ಹೋಗುವ ಕೂಲಿ ಜನರನ್ನು ಅಲ್ಲಿ ಇಳಿಸಿ, ಕೆಲವು ದಿನ ಶೆಡ್ಡುಗಳಲ್ಲಿ ಇರಿಸಿ, ಕಾಲರಾ ಸಿಡುಬು ಇಲ್ಲವೆಂದು ಖಾತ್ರಿಯಾದ ಮೇಲೆ ಮುಂದೆ ಬಿಡುತ್ತಿದ್ದರು. ನಾವು ಕೂಲಿಯವರಲ್ಲ, ವ್ಯಾಪಾರದವರು ಅಂತ ನಾನು ಹೇಳಿಯೇ ಹೇಳಿದೆ. ಮಾವನ ಬರಿಗಾಲು, ಹೆಗಲ ಕಂಬಳಿ ನೋಡಿ ಯಾರೂ ನಂಬಲಿಲ್ಲ. ವ್ಯಾಪಾರಿ ಅಂದರೆ ಚಪ್ಪಲಿಯಾದರೂ ಇರಬೇಕಿತ್ತು.

ಅಲ್ಲಿ ನಮಗೆ ಕಷ್ಟವೇನೂ ಆಗಲಿಲ್ಲ. ಮರಳಿನ ಮೇಲೆ ಮೂರು ಕಲ್ಲಿಟ್ಟು ನಾನು ಮುದ್ದೆ ತೊಳಸಿದರೆ, ಸೇಲಂ ಕಡೆಯ ಮುದುಕನೊಬ್ಬ "ಕಳಿ, ಕಳಿ" ಅನ್ನುತ್ತ ಬಂದು ಎದುರಿಗೆ ಕೂತ. ಅವರ ಊರಿನಲ್ಲೂ ಅದೇ ಊಟವಂತೆ. ಮಾವ ತಮ್ಮ ಪಾಲಿನ ಅರ್ಧ ಮುರಿದು ಕೊಟ್ಟರು. ಮಾತು ತಿಳಿಯದೆ ಇಬ್ಬರೂ ಬಹಳ ಹೊತ್ತು ಮಾತಾಡಿದರು. ಮಾವ ಕುರಿಯ ಕಾಲುಬಾವಿನ ಔಷಧಿ ಹೇಳುತ್ತಿದ್ದರು, ಆತ ಮಗಳ ಮದುವೆಯ ವಿಷಯ ಹೇಳುತ್ತಿದ್ದ. ಇಬ್ಬರೂ ತಲೆಯಾಡಿಸುತ್ತಿದ್ದರು.

ಸಾಮಾನು ತಪಾಸಣೆಯ ದಿನ ಎಡವಟ್ಟಾಯಿತು. ಅಲ್ಲಿನ ನಿಯಮ ಸರಳ. ಹೊಸ ಸರಕಾದರೆ ಸುಂಕದ ಕಡೆಗೆ, ಬಳಸಿದ ಬಟ್ಟೆ ಹಾಸಿಗೆಯಾದರೆ ರೋಗ ಹೋಗಲೆಂದು ಉಗಿಯ ಪೆಟ್ಟಿಗೆಯ ಕಡೆಗೆ. ಗುಮಾಸ್ತೆ ನಮ್ಮ ಮೂಟೆ ತಟ್ಟಿ ತಮಿಳಿನಲ್ಲಿ ಕೇಳಿದ, ಇವು ಹೊಸವೋ, ಬಳಸಿದವೋ ಅಂತ. ಹೊಸವು ಅಂತ ನಾನು ಹೇಳಿ ಮುಗಿಸಿದ್ದೆ. ಮಾವ ಸುಮ್ಮನಿರಬೇಕಲ್ಲ.

"ಏನಂತೆ ಅವ್ನು?" ಅಂದರು.

"ಹೊಸವಾ ಅಂತ ಕೇಳ್ದ, ಹೂಂ ಅಂದೆ."

"ಯಾಕ್ಲೇ ಸುಳ್ ಯೋಳ್ದೆ ಪಿಳ್ಳಿ?" ಹುಡುಗಿ ಅನ್ನುವುದಕ್ಕೆ ಅವರು ಪಿಳ್ಳಿ ಅನ್ನುತ್ತಿದ್ದರು.

ನಮ್ಮ ಮನೆತನದಲ್ಲಿ ಒಂದು ಪದ್ಧತಿ. ಮಗ್ಗದಿಂದ ಇಳಿಸಿದ ಕಂಬಳಿಯನ್ನು ಹಾಗೇ ಮಾರುವಂತಿಲ್ಲ. ಮನೆಯ ಹಿರಿಯ ಅದನ್ನು ತನ್ನ ಹೆಗಲ ಮೇಲೆ ಒಂದು ಸಲ ಹಾಕಿಕೊಂಡು, ಆಮೇಲೆ ಕೊಡಬೇಕು. ಬದುಕಿದವರ ಮೈ ಮೊದಲು ಮುಟ್ಟಲಿ ಅಂತ. ಯಾರ ಹೆಗಲಿಗೂ ಬೀಳದ ಹೊಚ್ಚ ಹೊಸ ಕಂಬಳಿಯನ್ನು ಹೊದಿಸುವುದು ಹೆಣಕ್ಕೆ ಮಾತ್ರ. ಊರಿನ ಏಳೂ ಮನೆಯ ಕಂಬಳಿಗಳನ್ನು ಮಾವ ಹೊರಡುವ ಮುಂಚೆ ಒಂದೊಂದಾಗಿ ಹೆಗಲಿಗೆ ಹಾಕಿ ತೆಗೆದಿದ್ದರು, ಮಧ್ಯಾಹ್ನದ ಬಿಸಿಲಲ್ಲಿ ಬೆವರು ಸುರಿಸಿಕೊಂಡು.

ನಾನು ಅವರ ತೋಳು ಹಿಡಿದು, ಸುಮ್ಮನಿರು ಮಾವ ಅಂದೆ. ಕೇಳಲಿಲ್ಲ. ಗುಮಾಸ್ತೆಯ ಪಕ್ಕದ ಜವಾನ ತೆಲುಗಿನವನು ಅಂತ ಅವರು ಎರಡು ದಿನದ ಹಿಂದೆಯೇ ಪತ್ತೆ ಹಚ್ಚಿದ್ದರು. ಅವನ ಕಡೆ ತಿರುಗಿ ಚೊಕ್ಕ ತೆಲುಗಿನಲ್ಲಿ, ಇವುಗಳಲ್ಲಿ ಒಂದೂ ಯಾರೂ ಹೊದೆಯದ ಕಂಬಳಿಯಲ್ಲ, ಎಲ್ಲವನ್ನೂ ನಾನು ಹೊದ್ದಿದ್ದೇನೆ, ನನ್ನ ಮಾತಿನ ಮೇಲೆ ನಂಬಿಕೆ ಇಡಿ ಅಂದರು. ಮೂಟೆಯಿಂದ ಒಂದನ್ನು ಎಳೆದು ಹೆಗಲಿಗೆ ಹಾಕಿಯೂ ತೋರಿಸಿದರು. ಜವಾನ ಅದನ್ನು ಗುಮಾಸ್ತೆಗೆ ಹೇಳಿದ. ಗುಮಾಸ್ತೆ ನನ್ನ ಮುಖ ನೋಡಿದ. ಮೂಟೆಗಳು ಉಗಿಯ ಕಡೆಗೆ ಹೋದವು.

ಉಣ್ಣೆಗೆ ಉಗಿ ತಗುಲಿದರೆ ಏನಾಗುತ್ತದೆ ಅಂತ ಕಂಬಳಿಯ ಮನೆಯವರಿಗೆ ಹೇಳಬೇಕಾಗಿಲ್ಲ. ಅದರ ಮೇಲೆ ನಮ್ಮ ಕಂಬಳಿಗೆ ಹುಣಸೆ ಬೀಜದ ಗಂಜಿ ಬೇರೆ ಹಾಕಿತ್ತು. ಗಂಜಿ ಹಾಕಿದ ಹೊಸ ಕಂಬಳಿ ನೆಲದ ಮೇಲೆ ಹಲಗೆಯ ಹಾಗೆ ನಿಲ್ಲಬೇಕು, ನಿಂತರೇ ಗಿರಾಕಿ ಕೈ ಹಾಕುವುದು. ಪರದೇಶಕ್ಕೆ ಹೋಗುವ ಸರಕೆಂದು ಈ ಸಲ ಗಂಜಿಯನ್ನು ದಪ್ಪಗೆ ಕುಂಚದಲ್ಲಿ ಬಳಿದಿದ್ದರು. ಪೆಟ್ಟಿಗೆಯ ಬಾಗಿಲು ತೆಗೆದಾಗ ಹುಣಸೆ ಬೀಜ ಬೆಂದ ವಾಸನೆ ಇಡೀ ಕ್ಯಾಂಪಿಗೆ ಹರಡಿತು. ಕಂಬಳಿಗಳು ಒಂದಕ್ಕೊಂದು ಅಂಟಿ, ಮುದುಡಿ, ಒಂದೊಂದು ಮೊಳ ಮೋಟಾಗಿ ಹೊರಬಂದವು.

ಮಾವ ಅವುಗಳ ಮಧ್ಯೆ ಮರಳಿನಲ್ಲಿ ಕೂತುಬಿಟ್ಟರು. ಅಷ್ಟು ಹೊತ್ತಿಗೆ ಸಿಲೋನಿನಿಂದ ಊರಿಗೆ ಮರಳುತ್ತಿದ್ದ ಊರಿಗಾಂ ಲೈನಿನವನೊಬ್ಬ ನಮ್ಮನ್ನು ಗುರುತು ಹಿಡಿದು ಹತ್ತಿರ ಬಂದ. ಚೆಲ್ಲಿಬಿದ್ದ ಕಂಬಳಿಗಳನ್ನು ನೋಡಿ ಲೊಚಗುಟ್ಟಿದ. ಮನೆಗೆ ಏನಾದರೂ ಹೇಳಬೇಕೆ ಅಂತ ಕೇಳಿದ. ಚೆನ್ನಾಗಿದ್ದಾರೆ ಅಂತ ಹೇಳಪ್ಪ ಅಂದೆ. ಅವನ ರೈಲಿಗೆ ಹೊತ್ತಾಗಿತ್ತು, ಹೋದ.

"ನಡಿ ಪಿಳ್ಳಿ, ನಾವೂ ಓಗಾನ. ಇದನ್ನ ಯಾರ್ ಮುಸುಡಿಗೆ ತೋರ್ಸೋದು" ಅಂದರು ಮಾವ.

ನನಗೆ ಸಿಟ್ಟು ನೆತ್ತಿಗೇರಿತ್ತು. ಅವರ ಸತ್ಯದ ಮೇಲೆ, ನನ್ನ ಹಣೆಬರಹದ ಮೇಲೆ, ಎಲ್ಲದರ ಮೇಲೆ. ಆದರೆ ವಾಪಸು ಹೋದರೆ ಏನಾಗುತ್ತದೆ ಅಂತ ನನಗೆ ಕಣ್ಣಿಗೆ ಕಟ್ಟಿದ ಹಾಗಿತ್ತು. "ಇವತ್ತು ನಾವು ರೈಲು ಹತ್ತಿದ್ರೆ ನಾಳಿದ್ದು ನಿನ್ನ ಮಗ ಗಣಿಗೆ ಇಳೀತಾರೆ. ನೀನು ಬೇಕಾದ್ರೆ ಓಗು. ನಾನು ಈ ಮೂಟೆ ಮಾರ್ದೆ ಬರಲ್ಲ" ಅಂದೆ. ಮಾವ ಅಂಟಿದ ಕಂಬಳಿಯೊಂದರ ಅಂಚು ಹಿಡಿದು ಎಳೆದು ನೋಡಿದರು. ಆಮೇಲೆ ಎದ್ದು ಬಾವಿಯ ಕಡೆ ಹೊರಟರು. ಇಬ್ಬರೂ ಸೇರಿ ಒಂದೊಂದನ್ನೇ ಬಿಡಿಸಿ, ನೀರು ಹಾಕಿ, ಕಾಲಲ್ಲಿ ತುಳಿದು ಗಂಜಿಯನ್ನೆಲ್ಲ ತೆಗೆದೆವು. ಸೇಲಂ ಮುದುಕನೂ ಪಂಚೆ ಎತ್ತಿ ಕಟ್ಟಿ ತುಳಿಯಲು ಬಂದ. ಒಣಗಿದ ಮೇಲೆ ನೋಡಿದರೆ ಕಂಬಳಿ ನಾಯಿಮರಿಯ ಕಿವಿಯಷ್ಟು ಮೆತ್ತಗಾಗಿತ್ತು. ಮಾವನಿಗೆ ಅದನ್ನು ಮುಟ್ಟುವುದಕ್ಕೇ ನಾಚಿಕೆ.

ಸಮುದ್ರದ ಮೇಲೆ

ಮಂಡಪಂನಲ್ಲಿ ಶೆಡ್ಡಿನ ಬೇಲಿ ದಾಟಲು ಬಿಡದೆ ದೂರದಿಂದಲೇ ಕಂಡಿದ್ದ ಸಮುದ್ರವನ್ನು ಮಾವ ಧನುಷ್ಕೋಡಿಯಲ್ಲಿ ಹಡಗು ಹತ್ತುವ ಮುಂಚೆ ಮೊದಲ ಸಲ ಹತ್ತಿರದಿಂದ ನೋಡಿದರು. ನಮ್ಮ ಕಡೆ ಕೆರೆ ಕೋಡಿ ಬಿದ್ದರೆ ಊರೇ ನೋಡಲು ಹೋಗುತ್ತದೆ. ಬಾವಿಗೆ ಹಗ್ಗ ಸಾಲದೆ ಇನ್ನೊಂದು ಹಗ್ಗ ಗಂಟು ಹಾಕುವವರು ನಾವು. ಮಾವ ಕೈಯನ್ನು ಕಣ್ಣಿಗೆ ಅಡ್ಡ ಹಿಡಿದು ಈ ಕಡೆಯಿಂದ ಆ ಕಡೆಗೆ ನೋಡಿ, "ಓರಿ ದೇವುಡಾ, ಇಷ್ಟ್ ನೀರು ಮಡಿಕ್ಕೊಂಡು ಇವ್ರು ಒಂದ್ ಎಕ್ರೆ ರಾಗಿ ಬೆಳ್ಯಲ್ವಾ" ಅಂದರು. ಉಪ್ಪು ನೀರು ಅಂದೆ. ನಂಬದೆ ಬೊಗಸೆಯಲ್ಲಿ ಎತ್ತಿ ಬಾಯಿಗೆ ಹಾಕಿ, ಉಗಿದು, ಕಂಬಳಿಯ ಅಂಚಿಗೆ ನಾಲಗೆ ಒರೆಸಿಕೊಂಡರು.

ಹಡಗಿನ ಪ್ರಯಾಣ ದೊಡ್ಡದೇನಲ್ಲ, ಒಂದು ಹೊತ್ತಿನದು. ಅಷ್ಟರಲ್ಲೇ ನನಗೆ ಹೊಟ್ಟೆಯಲ್ಲಿದ್ದ ಮುದ್ದೆಯೆಲ್ಲ ಬಾಯಿಗೆ ಬಂತು. ಮಾವನಿಗೆ ಏನೂ ಆಗಲಿಲ್ಲ. ಮಗ್ಗದ ಮುಂದೆ ಹಿಂದಕ್ಕೂ ಮುಂದಕ್ಕೂ ತೂಗಾಡಿದ ಮೈ ಅದು, ಹಡಗು ಹೇಗೆ ಹೋದರೆ ಹಾಗೆ ತೂಗಿತು. ನನ್ನ ತಲೆಯನ್ನು ತಮ್ಮ ಮಂಡಿಯ ಮೇಲೆ ಇಟ್ಟುಕೊಂಡು, ನನ್ನ ಅಮ್ಮ ಚಿಕ್ಕಂದಿನಲ್ಲಿ ಜಾತ್ರೆಯ ಗಾಡಿಯಲ್ಲೂ ಹೀಗೇ ವಾಂತಿ ಮಾಡುತ್ತಿದ್ದಳು ಅಂತ ಹೇಳಿ ನಗಿಸಿದರು. ಅಮ್ಮ ಹೋಗಿ ಆಗಲೇ ಎಷ್ಟೋ ವರ್ಷವಾಗಿತ್ತು. ಸಮುದ್ರದ ಮಧ್ಯೆ ಅವಳ ಸುದ್ದಿ ಕೇಳಿ ನನಗೆ ತುಂಬಾ ಸುಖವಾಯಿತು.

ಬೆಟ್ಟದ ತೋಟ

ಆಚೆಯ ದಡದಿಂದ ಮತ್ತೆ ರೈಲು. ಹ್ಯಾಟನ್ ಅನ್ನುವ ಸ್ಟೇಷನ್ನಿನಲ್ಲಿ ಇಳಿದಾಗ ಮಂಜು ಎಷ್ಟಿತ್ತೆಂದರೆ ಮೂಟೆ ಹೊತ್ತ ಮಾವ ಕಾಣುತ್ತಿರಲಿಲ್ಲ, ಅವರ ಬೈಗುಳ ಮಾತ್ರ ಕೇಳುತ್ತಿತ್ತು. ಬೈಗುಳ ಜಿಗಣೆಗೆ. ನಮ್ಮ ಒಣ ಸೀಮೆಯಲ್ಲಿ ಜಿಗಣೆ ಎಲ್ಲಿಂದ ಬರಬೇಕು. ಕಾಲ್ಬೆರಳ ಸಂದಿಯಲ್ಲಿ ರಕ್ತ ನೋಡಿ ಹಾವು ಕಚ್ಚಿತೆಂದು ಕೂತುಬಿಟ್ಟರು. ಕರೆದೊಯ್ಯಲು ಬಂದಿದ್ದ ಮುರುಗನ್ ಕಂಗಾಣಿ ಉಪ್ಪಿನ ಗಂಟಿನಿಂದ ಒತ್ತಿ ಅದನ್ನು ಬೀಳಿಸಿದ. ಅಲ್ಲಿರುವವರೆಗೂ ಮಾವ ಉಪ್ಪಿನ ಗಂಟನ್ನು ಸೊಂಟದಿಂದ ಬಿಚ್ಚಲಿಲ್ಲ.

ತೋಟ ನೋಡಿ ನನಗೆ ಪರದೇಶ ಅನಿಸಲೇ ಇಲ್ಲ. ಊರಿಗಾಂನ ಹಾಗೇ ಸಾಲು ಲೈನುಮನೆ, ಅದೇ ತಮಿಳು, ಅದೇ ನಲ್ಲಿ ಜಗಳ. ನಮ್ಮಲ್ಲಿ ಗಣಿಯ ಸಂಗು ಕೂಗಿದರೆ ಜನ ಏಳುತ್ತಾರೆ, ಅಲ್ಲಿ ತಪ್ಪಟೆ ಬಾರಿಸಿದರೆ. ನಮ್ಮಲ್ಲಿ ಚಿನ್ನ ಅಗೆಯುವವರ ಹೆಂಡಿರ ಕಿವಿಯಲ್ಲಿ ಹಿತ್ತಾಳೆ, ಅಲ್ಲಿ ಟೀ ಕೀಳುವವರ ಮನೆಯಲ್ಲಿ ಕಸದ ಪುಡಿಯ ಟೀ. ಒಳ್ಳೆಯದೆಲ್ಲ ಪೆಟ್ಟಿಗೆಯಲ್ಲಿ ಹಡಗು ಹತ್ತುತ್ತಿತ್ತು. ಆ ಪುಡಿಯ ಟೀಗೆ ಹಾಲಿಲ್ಲ, ಸಕ್ಕರೆಯಿಲ್ಲ, ಬೆಲ್ಲದ ಚೂರು ಹಲ್ಲಲ್ಲಿ ಕಚ್ಚಿಕೊಂಡು ಬಿಸಿಬಿಸಿ ಹೀರುವುದು. ಮುರುಗನ್ನನ ಹೆಂಡತಿ ಕಾಮಾಚ್ಚಿ ನಮಗೆ ಅದನ್ನು ಕುಡಿಯಲು ಕಲಿಸಿದಳು. ಇಂದಿಗೂ ನಾನು ಹಾಗೇ ಕುಡಿಯುವುದು.

ಮರುದಿನ ಮೂಟೆಗಳನ್ನು ತೋಟದ ಸ್ಟೋರಿಗೆ ಹೊತ್ತೆವು. ಅಲ್ಲಿನ ಕಣಕ್ಕುಪಿಳ್ಳೆ, ಲೆಕ್ಕ ನೋಡುವವರು, ಒಳ್ಳೆಯ ಮನುಷ್ಯರೇ. ಕಂಬಳಿ ಬಿಚ್ಚಿ ಮರದ ಅಳತೆಕೋಲು ಇಟ್ಟರು. ಪಕ್ಕದಲ್ಲಿ ಮಿಲ್ಲಿನ ರಗ್ಗೊಂದನ್ನು ಹಾಸಿದರು. ಅದೇ ಪಟ್ಟೆಯ ರಗ್ಗು, ಊರಿಗಾಂ ಅಂಗಡಿಯಲ್ಲಿದ್ದದ್ದೇ. ನಮಗಿಂತ ಮುಂಚೆ ಅಲ್ಲಿಗೂ ಬಂದು ಕೂತಿತ್ತು. ಅಳತೆಗೆ ನಮ್ಮದು ಬಹಳ ಕಡಿಮೆ ಬಿತ್ತು. ತೋಟದ ಬಿಳಿಯ ದೊರೆ ಕುದುರೆಯ ಮೇಲೆ ಆ ಕಡೆ ಬಂದವನು ಇಳಿಯಲೂ ಇಲ್ಲ. ಕಣಕ್ಕುಪಿಳ್ಳೆಯ ಮುಖ ನೋಡಿ, ತಲೆಯಾಡಿಸಿ, ಮುಂದೆ ಹೋದ.

ನಾನು ಬೇಡಿಕೊಂಡೆ, ಉಗಿಯ ಕಥೆಯನ್ನೆಲ್ಲ ಹೇಳಿದೆ. ಕಣ್ಣೀರೂ ಬಂತು, ಮುಚ್ಚಿಡಲಿಲ್ಲ. "ನಾನೇನು ಮಾಡಲಮ್ಮ, ಅಳತೆ ಇಲ್ಲದ ಸರಕು ಸ್ಟೋರಿಗೆ ತೆಗೆದುಕೊಂಡರೆ ನನ್ನ ಕೆಲಸ ಹೋಗುತ್ತದೆ" ಅಂದರು. ಲೈನುಮನೆಗೆ ಮರಳುವಾಗ ಮಾವ ಒಂದೇ ಒಂದು ಮಾತಾಡಿದರು.

"ಅವ್ನು ನೀರಿಗೆ ಇಳ್ಯೋಕೂ ಎದರ್ತಿದ್ದ ಕಣೇ ಚಿಕ್ಕೋನಾಗಿದ್ದಾಗ."

ನಮ್ಮ ಮನೆಯವರ ವಿಷಯ ಅಂತ ನನಗೆ ತಿಳಿಯಿತು.

ಆ ಮಧ್ಯಾಹ್ನ ಜೋರು ಮಳೆ. ಕಾಮಾಚ್ಚಿಯ ರಗ್ಗು ಹಿಂದಿನ ದಿನದ್ದೇ ಒಣಗಿರಲಿಲ್ಲ. ಇದನ್ನು ಹಾಕಿಕೊಂಡು ಹೋಗಲೇ ಅಂತ ನಮ್ಮದೊಂದು ಕಂಬಳಿ ಎಳೆದುಕೊಂಡಳು. ಹಾಕಿಕೋ, ಅದು ಇನ್ನೇತಕ್ಕೆ ಬಂತು ಅಂದೆ. ಸಂಜೆ ಅವಳು ಬಂದಾಗ ಜೊತೆಗೆ ಐದಾರು ಹೆಂಗಸರು. ಎಲ್ಲರೂ ಅವಳ ಕಂಬಳಿಯ ಒಳಗೆ ಕೈ ಹಾಕಿ ಅವಳ ರವಿಕೆ ಮುಟ್ಟಿ ನೋಡುತ್ತಿದ್ದರು. ಒಣಗಿತ್ತು. ಬೆಂದು ಬಿಗಿದ ಉಣ್ಣೆಯೊಳಗೆ ನೀರು ಇಳಿದಿರಲಿಲ್ಲ. ಟೀ ಕೀಳುವ ಹೆಂಗಸರು ಕಂಬಳಿಯನ್ನು ತಲೆಯಿಂದ ಬೆನ್ನಿಗೆ ಇಳಿಬಿಟ್ಟು, ಅದರ ಮೇಲೆ ಬುಟ್ಟಿಯ ಹಗ್ಗ ಹಾಕುತ್ತಾರೆ. ಉದ್ದದ ರಗ್ಗಾದರೆ ನೆನೆದು ಭಾರವಾಗಿ, ಗಿಡಕ್ಕೆ ಸಿಕ್ಕಿ, ನಡೆಯುವಾಗ ಕಾಲಿಗೆ ತೊಡರುತ್ತದೆ. ಇದು ಮೊಣಕಾಲಿಗೇ ನಿಲ್ಲುತ್ತಿತ್ತು. ಅಳತೆಕೋಲು ಹಿಡಿಯುವವರು ಯಾರೂ ಬುಟ್ಟಿ ಹೊತ್ತವರಲ್ಲವಲ್ಲ.

"ಸ್ಟೋರಿಗೆ ಬೇಡವಾದರೆ ಬೇಡ. ನಮಗೆ ಕೊಡುತ್ತೀರಾ?" ಅಂತ ಕೇಳಿದಳು ಒಬ್ಬಳು.

ಭಾನುವಾರ

ರಜದ ದಿನ ಮುರುಗನ್ನನ ಮನೆಯ ಜಗಲಿಯಲ್ಲಿ ಮೂಟೆ ಬಿಚ್ಚಿದೆವು. ಹೆಂಗಸರು ದುಡ್ಡನ್ನು ಸೆರಗಿಗೆ ಕಟ್ಟಿಕೊಂಡು ಮಳೆಯಲ್ಲೇ ಬಂದು ನಿಂತಿದ್ದರು. ನಾನು ಕಂಬಳಿ ಎತ್ತಿ ಕೊಡಲು ಹೋದರೆ ಮಾವ ನನ್ನ ಕೈ ತಡೆದರು.

"ತಡಿಯೇ. ಉಗಿಗೆ ಬಿದ್ಮೇಲೆ ಅವು ಯಾರ್ ಎಗಲಿಗೂ ಬಿದ್ದಿಲ್ಲ."

ನಾನು ಹಣೆ ಚಚ್ಚಿಕೊಂಡೆ. ಇಷ್ಟೆಲ್ಲ ಆದದ್ದು ಅದರಿಂದಲೇ. ಆದರೂ ಅವರು ಒಂದು ಕಂಬಳಿ ಎತ್ತಿ, ಕೊಡವಿ, ತಮ್ಮ ಹೆಗಲ ಮೇಲೆ ಹಾಕಿಕೊಂಡು, ಕಣ್ಣು ಮುಚ್ಚಿ, ತೆಗೆದು, ಎದುರಿಗಿದ್ದವಳ ತಲೆಯ ಮೇಲೆ ಹೊದಿಸಿದರು. ಇನ್ನೊಂದು. ಮತ್ತೊಂದು. ಮೊದಮೊದಲು ಹೆಂಗಸರು ಮುದುಕನ ಕುಣಿತ ನೋಡಿ ಕಿಸಕಿಸ ನಗುತ್ತಿದ್ದರು. ಏನಿದು ಅಂತ ಕೇಳಿದರು. ನಾನು ಪದ್ಧತಿಯನ್ನು ಹೇಳಿದೆ. ನಗು ನಿಂತಿತು. ಒಬ್ಬೊಬ್ಬರೂ ಬಂದು ತಲೆ ಬಗ್ಗಿಸಿ ನಿಲ್ಲತೊಡಗಿದರು, ಮನೆಯ ಹಿರಿಯನ ಮುಂದೆ ನಿಲ್ಲುವ ಹಾಗೆ. ಕೆಲವರು ಕಾಲು ಮುಟ್ಟಿದರು. ಮಾವನಿಗೆ ತಮಿಳು ಬಾರದು, ಎಲ್ಲರಿಗೂ ಕನ್ನಡದಲ್ಲೇ "ಬೆಚ್ಗಿರವ್ವ" ಅಂದರು. ಯಾರೂ ಅರ್ಥ ಕೇಳಲಿಲ್ಲ.

ಮೂಟೆ ಖಾಲಿಯಾದ ಮೇಲೆ ಒಬ್ಬ ಮುದುಕಿ ಬಂದಳು. ಕೊಳ್ಳಲು ಬಂದವಳಲ್ಲ. ಹುಡುಗಿಯಾಗಿ ಈ ಬೆಟ್ಟ ಹತ್ತಿದವಳು, ಇಷ್ಟು ವರ್ಷವೂ ಸ್ಟೋರಿನ ಕಿಟಕಿಯಿಂದ ಎಸೆದ ಕಂಬಳಿಯನ್ನೇ ಹಿಡಿದಿದ್ದೇನೆ, ಹೀಗೆ ಯಾರೂ ಹೊದಿಸಿರಲಿಲ್ಲ, ಒಂದು ಸಲ ನನಗೂ ಹೊದಿಸಿ ತೆಗೆದುಕೊಳ್ಳಲಿ ಅಂತ ಕೇಳು ಅಂದಳು. ನಾನು ಅದನ್ನು ಮಾವನಿಗೆ ಹೇಳಿದೆ. ಮಾವ ತಮ್ಮ ಸ್ವಂತ ಕಂಬಳಿಯನ್ನು ಹೆಗಲಿನಿಂದ ತೆಗೆದು ಆಕೆಗೆ ಹೊದಿಸಿದರು. ಆಕೆ ಸ್ವಲ್ಪ ಹೊತ್ತು ನಿಂತು, ತೆಗೆದು ಕೊಡಲು ಬಂದಳು.

"ಬ್ಯಾಡ ಅಂತ ಯೋಳು. ಒದಿಸಿದ್ದನ್ನ ತೆಕ್ಕೊಳ್ಳೋದು ಎಂಗೆ" ಅಂದರು ಮಾವ.

ಆ ಸಂಜೆ ಪಕ್ಕದ ತೋಟದ ಕಂಗಾಣಿಗಳೂ ಬಂದರು. ಮುಂದಿನ ವರ್ಷಕ್ಕೆ ಎಷ್ಟು ನೇಯ್ದರೂ ತನ್ನಿ, ಆದರೆ ಇಷ್ಟೇ ಮೋಟು, ಇಷ್ಟೇ ಮೆತ್ತಗೆ, ಗಂಜಿ ಬೇಡ ಅಂದರು. ಮಾವ ಮುಖ ಸಿಂಡರಿಸಿ, ಇದೊಂದು ಕಂಬಳಿಯಾ, ಟವಲ್ಲು ಅಂದರು. ನಾನು ಅದನ್ನು ತಮಿಳಿಗೆ ತಿರುಗಿಸದೆ, ಆಗಲಿ ಅನ್ನುತ್ತಿದ್ದಾರೆ ಅಂತ ಹೇಳಿದೆ. ರಾತ್ರಿ ಊಟಕ್ಕೆ ಕೂತಾಗ ಅವರೇ, ಏಳೂ ಮನೆಗೆ ಕೆಲಸ ಸಾಕಾಗುತ್ತೆ ಅಲ್ವಾ ಅಂತ ಮೆಲ್ಲಗೆ ಕೇಳಿದರು. ಸಾಕಾಗಿ ಮಿಗುತ್ತೆ ಅಂದೆ. ಅಷ್ಟು ಹಗುರವಾಗಿ ಅವರು ನಕ್ಕದ್ದನ್ನು ನಾನು ಹಿರಿಯ ಮಗ ಹೋದ ಮೇಲೆ ನೋಡಿರಲಿಲ್ಲ.

ಊರಿಗಾಂ

ಬರುವಾಗ ದಾರಿ ಬೇಗ ಸವೆಯಿತು. ಬಂಗಾರಪೇಟೆಯಲ್ಲಿ ಇಳಿದು, ಅಂಜಲೈಗೆ ಅವಳ ಅಣ್ಣನ ಸುದ್ದಿ ಹೇಳಿಯೇ ಮನೆಗೆ ಹೋಗೋಣವೆಂದು ಗಣಿಯ ರೈಲು ಹತ್ತಿದೆವು. ಊರಿಗಾಂ ತಲುಪಿದಾಗ ಬೆಳಗಿನ ಕೊರೆಯುವ ಗಾಳಿ, ಚಿನ್ನ ತೆಗೆದು ಸುರಿದ ಮಣ್ಣಿನ ಸೈನೈಡ್ ದಿಬ್ಬದ ಬಿಳಿ ಧೂಳು. ಹೆಗಲು ಬರಿದಾಗಿದ್ದ ಮಾವ ಕೈ ಕಟ್ಟಿಕೊಂಡು ನಡೆಯುತ್ತಿದ್ದರು. ಬಾಗಿಲು ತೆಗೆದ ಅಂಜಲೈ ನನ್ನನ್ನು ನೋಡಿ ನಗಲಿಲ್ಲ.

"ನಿನ್ನ ಗಂಡ ಕೆಳಗಿದ್ದಾರೆ" ಅಂದಳು.

ಮಂಡಪಂನಲ್ಲಿ ನಮ್ಮನ್ನು ಕಂಡವನು ಊರಿಗೆ ಬಂದು, ಕಂಬಳಿಯೆಲ್ಲ ಬೆಂದುಹೋಯಿತು, ಮುದುಕ ಮರಳಿನಲ್ಲಿ ತಲೆ ಮೇಲೆ ಕೈ ಹೊತ್ತು ಕೂತಿದ್ದ ಅಂತ ಹೇಳಿದ್ದ. ಅದನ್ನು ಕೇಳಿದ ವಾರದಲ್ಲೇ ನಮ್ಮ ಮನೆಯವರು ಕುರಿಯನ್ನು ಪಕ್ಕದ ಮನೆಗೆ ಒಪ್ಪಿಸಿ ಗಣಿಗೆ ಸೇರಿದ್ದರು.

ಮಾವ ಆಳುಗಳು ಗಣಿಗೆ ಇಳಿಯುವ ಶಾಫ್ಟಿನ ಕಡೆ ನಡೆದರು. ನಾನು ಹಿಂದೆ ಓಡಿದೆ. ರಾತ್ರಿ ಪಾಳಿ ಬಿಡುವ ಹೊತ್ತು. ಕೆಳಗಿನ ಕಾವಿನಲ್ಲಿ ಬೆಂದು ಬೆವೆತವರು ಮೇಲಿನ ಗಾಳಿಗೆ ಬಿದ್ದರೆ ಎದೆ ಕಟ್ಟುತ್ತದೆ ಅಂತ, ಹೆಂಡಿರೋ ತಾಯಂದಿರೋ ಹೊದಿಕೆ ಹಿಡಿದು ಬೇಲಿಯ ಹತ್ತಿರ ಕಾಯುತ್ತಿದ್ದರು. ನಾವಿಬ್ಬರೂ ಬರಿಗೈಯಲ್ಲಿ ನಿಂತೆವು. ದೊಡ್ಡ ಚಕ್ರ ತಿರುಗಿ ಆಳುಗಳನ್ನು ಹೊತ್ತ ಕಬ್ಬಿಣದ ತೊಟ್ಟಿಲು ಮೇಲೆ ಬಂದಾಗಲೆಲ್ಲ ಮಾವ ನನ್ನ ಮಣಿಕಟ್ಟು ಹಿಡಿದು "ಬಂದ್ನಾ?" ಅನ್ನುತ್ತಿದ್ದರು. ಅವರೇ ನೋಡುತ್ತಿರಲಿಲ್ಲ. ನೆಲ ನೋಡುತ್ತಿದ್ದರು. ಮೊದಲ ತೊಟ್ಟಿಲಲ್ಲಿ ಇರಲಿಲ್ಲ. ಎರಡನೆಯದರಲ್ಲೂ ಇರಲಿಲ್ಲ. ನನಗೆ ತಿಳಿದ ದೇವರನ್ನೆಲ್ಲ ಕರೆದೆ.

ಆಮೇಲೆ ಬಂದರು. ಮೈಯೆಲ್ಲ ಮಸಿ, ಅದರ ಮೇಲೆ ಬೆವರಿನ ಗೆರೆ. ನಮ್ಮನ್ನು ನೋಡಿ ನಿಂತಲ್ಲೇ ನಿಂತರು. ಮಾವ ಹೋಗಿ ಮಗನನ್ನು ತಬ್ಬಿಕೊಂಡರು, ಗಾಳಿ ಬೀಸುತ್ತಿದ್ದ ಕಡೆಗೆ ತಮ್ಮ ಬೆನ್ನು ಕೊಟ್ಟು.

"ಯಾಕ್ಲಾ ಇಳ್ದೆ?"

"ಎಲ್ಲಾ ಕೆಟ್ಟೋಯ್ತು ಅಂದ್ರಲ್ಲಪ್ಪ."

"ಒಂದೂ ಉಳೀಲಿಲ್ಲ ಕಣ್ಲಾ, ಎಲ್ಲಾ ಕರ್ಚಾದ್ವು. ನಂದೂ ಸೇರಿ."

ಎಲ್ಲ ಮಾರಿ ಬಂದೆವು ಅಂತ ನಮ್ಮ ಮನೆಯವರಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ನನ್ನ ಮುಖ ನೋಡಿದರು. ನಾನು ಹೌದು ಅಂತ ತಲೆಯಾಡಿಸಿದೆ, ಅಳುತ್ತಲೇ. ಅವರು ಗಡಗಡ ನಡುಗುತ್ತಿದ್ದರು. ನಡುಗುತ್ತಲೇ ನಕ್ಕರು.

"ನಂಗೊಂದಾದ್ರೂ ಉಳಿಸ್ಕೊಂಡ್ ಬರಬಾರ್ದಾಗಿತ್ತಾ?"

"ಬಾ, ನೇಯ್ಕೊ" ಅಂದರು ಮಾವ.

ನಮ್ಮ ಮನೆಯವರು ಕೊರಳಲ್ಲಿದ್ದ ಗಣಿಯ ನಂಬರಿನ ಬಿಲ್ಲೆಯನ್ನು ಬಿಚ್ಚಿ, ಇನ್ನು ಬರಲ್ಲ ಅಂತ ಹೇಳಿ, ಹಾಜರಿ ಕಿಟಕಿಯಲ್ಲಿ ಕೂತಿದ್ದವನಿಗೆ ಕೊಟ್ಟು ಬಂದರು.